ಪಕ್ಕದ ಬೀದಿಯ ಸಹಕಾರಿ ದಿನಸಿ ಅಂಗಡಿ: ಸದಸ್ಯರಾಗಬೇಕಾ, ಸುಮ್ನೆ ಗಿರಾಕಿಯಾಗಿ ಇದ್ದರೆ ಸಾಕಾ?

ಹೊಸ_ಗಿರಾಕಿ:

ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಸಣ್ಣ ಸಹಕಾರಿ ದಿನಸಿ ಅಂಗಡಿ ಇದೆ. ಒಳಗೇ ಒಂದು ಡೆಲಿ ಕೌಂಟರ್ ಇದೆ. ಅಲ್ಲಿ ಸೂಪ್, ಸಲಾಡ್, ಚೀಸ್, ಹೋಳು ಮಾಡಿ ಕೊಡುವ ಮಾಂಸ, ಸ್ಯಾಂಡ್‌ವಿಚ್ ಸಿಗುತ್ತದೆ. ಜಾಗ ಚಿಕ್ಕದು, ಸಾಲು ಚಿಕ್ಕದು, ಹಾಗಾಗಿ ಹೋಗೋಕೆ ಖುಷಿ. ಆದರೆ ಬೆಲೆಗಳ ಲೆಕ್ಕ ನನಗೆ ಹತ್ತುತ್ತಿಲ್ಲ. ಡಬ್ಬಿ, ಪ್ಯಾಕೆಟ್ ಸಾಮಾನೆಲ್ಲ ದೊಡ್ಡ ಸೂಪರ್‌ಮಾರ್ಕೆಟ್‌ಗಿಂತ ದುಬಾರಿ, ಆದರೆ ಬಿಡಿಯಾಗಿ ಅಳೆದು ಕೊಳ್ಳುವ ಕಾಳು, ಮಸಾಲೆ ಕಡಿಮೆಗೇ ಸಿಗುತ್ತದೆ. ಬಿಲ್ ಮಾಡುವಾಗ ಪ್ರತಿ ಸಲ "ಸದಸ್ಯರಾ?" ಅಂತ ಕೇಳುತ್ತಾರೆ. ಅಲ್ಲ ಅಂತೀನಿ, ಅವರು ನಕ್ಕು ಬಿಲ್ ಕೊಡುತ್ತಾರೆ.

ಪ್ರಶ್ನೆ ಇಷ್ಟೇ. ಸದಸ್ಯರಾದರೆ ನಿಜಕ್ಕೂ ಏನಾದರೂ ಗಿಟ್ಟುತ್ತದಾ? ಮತ್ತೆ ಇಂಥ ಅಂಗಡಿಯಲ್ಲಿ ಏನು ಕೊಳ್ಳಬೇಕು, ಏನು ಬಿಡಬೇಕು? ಡೆಲಿ ತಿಂಡಿ ಮನೆಗೆ ತಂದರೆ ಎಷ್ಟು ದಿನ ಇಡಬಹುದು ಅನ್ನೋದೂ ಗೊತ್ತಾದರೆ ಒಳ್ಳೆಯದು.

ಲೆಕ್ಕದ_ಪುಸ್ತಕ:

ಮೊದಲು ಒಂದು ವಿಷಯ ಕೇಳಿಕೊಂಡು ಬನ್ನಿ: ಅವರು ತಗೊಳ್ಳುವುದು ಷೇರು ಹಣವಾ, ವರ್ಷದ ಶುಲ್ಕವಾ? ಎರಡೂ ಬೇರೆ ಬೇರೆ, ಅಂಗಡಿಯವರು ಮಾತಿನಲ್ಲಿ ಎರಡನ್ನೂ "ಸದಸ್ಯತ್ವ" ಅಂತಲೇ ಕರೆಯುತ್ತಾರೆ. ಷೇರು ಅಂದರೆ ನೀವು ಅಂಗಡಿಗೆ ಹಾಕುವ ಬಂಡವಾಳ. ಅನೇಕ ಕಡೆ ಅದನ್ನು ಕಂತಿನಲ್ಲಿ ಕಟ್ಟಬಹುದು, ಊರು ಬಿಟ್ಟು ಹೋಗುವಾಗ ಅರ್ಜಿ ಕೊಟ್ಟರೆ ವಾಪಸ್ಸೂ ಬರುತ್ತದೆ, ಆದರೆ ಯಾವಾಗ, ಹೇಗೆ ಅನ್ನೋದು ಆ ಅಂಗಡಿಯ ಉಪನಿಯಮದಲ್ಲಿ ಇರುತ್ತದೆ. ಶುಲ್ಕ ಹಾಗಲ್ಲ, ಕಟ್ಟಿದರೆ ಹೋಯಿತು.

ಷೇರು ಕಟ್ಟಿದವರು ಮಾಲೀಕರು. ಬೇರೆ ಕಂಪನಿಯಲ್ಲಿ ಜಾಸ್ತಿ ಷೇರು ಇದ್ದವನಿಗೆ ಜಾಸ್ತಿ ಮತ, ಇಲ್ಲಿ ಹಾಗಿಲ್ಲ, ಒಬ್ಬರಿಗೆ ಒಂದೇ ಮತ. ವರ್ಷಕ್ಕೊಮ್ಮೆ ಮಹಾಸಭೆ ಆಗುತ್ತದೆ, ನಿರ್ದೇಶಕರನ್ನು ಸದಸ್ಯರೇ ಆರಿಸುತ್ತಾರೆ. ವರ್ಷದ ಕೊನೆಯಲ್ಲಿ ಹಣ ಮಿಕ್ಕರೆ ಒಂದು ಪಾಲು ಮೀಸಲು ನಿಧಿಗೆ ಹೋಗುತ್ತದೆ, ಉಳಿದದ್ದನ್ನು ಯಾರು ಎಷ್ಟು ಸಾಮಾನು ಕೊಂಡರೋ ಅದಕ್ಕೆ ತಕ್ಕಂತೆ ಹಂಚಬಹುದು. ಗಮನಿಸಿ, ಹಂಚಬಹುದು ಅಂದೆ, ಹಂಚಲೇಬೇಕು ಅನ್ನಲಿಲ್ಲ. ಹಣ ಮಿಗದ ವರ್ಷ ಯಾರಿಗೂ ಏನೂ ಇಲ್ಲ.

ಹಾಗಾಗಿ ಸದಸ್ಯತ್ವವನ್ನು ಡಿಸ್ಕೌಂಟ್ ಕಾರ್ಡ್ ಅಂದುಕೊಂಡು ತಗೊಂಡರೆ ಬೇಜಾರಾಗುವುದು ಖಂಡಿತ. ಕೌಂಟರ್‌ನಲ್ಲಿ ಹಿಂದಿನ ವರ್ಷದ ವಾರ್ಷಿಕ ವರದಿ ಕೇಳಿ ನೋಡಿ. ಕೊಟ್ಟರೆ ಓದಿ, ಕೊಡಲು ತಡವರಿಸಿದರೆ ಅದೂ ಒಂದು ಉತ್ತರವೇ.

ಸಂಶಯದ_ಗಿರಾಕಿ:

ಲೆಕ್ಕದವರು ಹೇಳಿದ್ದು ಕಾಗದದ ಮೇಲೆ ಚೆನ್ನಾಗಿದೆ. ನಾನು ಸದಸ್ಯನಾಗಿದ್ದ ಒಂದು ಅಂಗಡಿಯಲ್ಲಿ ಮಹಾಸಭೆಗೆ ಬರುತ್ತಿದ್ದವರು ಬೆರಳೆಣಿಕೆಯಷ್ಟು ಜನ, ಆರಿಸಿ ಬರುತ್ತಿದ್ದವರು ಯಾವಾಗಲೂ ಅವರೇ. ಹಣ್ಣು ತರಕಾರಿ ಬಾಡಿದೆ ಅಂತ ಸಲಹೆ ಪೆಟ್ಟಿಗೆಗೆ ಚೀಟಿ ಹಾಕಿದರೆ ಉತ್ತರ ಬರಲಿಲ್ಲ, ಬೋರ್ಡ್ ಮೇಲೆ ಮಾತ್ರ "ಇದು ನಿಮ್ಮ ಅಂಗಡಿ" ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದರು. ನನ್ನ ಅಂಗಡಿಯಾದರೆ ಕೊಳೆತ ಟೊಮೆಟೊ ನಾನೇ ಎತ್ತಿ ಬಿಸಾಡಬೇಕಿತ್ತು ಅಲ್ವಾ!

ಸಹಕಾರಿ ಅಂದ ಮಾತ್ರಕ್ಕೆ ಸಾಮಾನು ತಾಜಾ, ಶುದ್ಧ, ಸಾವಯವ ಅಂತೆಲ್ಲ ನಂಬಬೇಡಿ. ಸಹಕಾರಿ ಅನ್ನೋದು ಅಂಗಡಿ ಯಾರದ್ದು ಅಂತ ಹೇಳುತ್ತದೆಯೇ ಹೊರತು ಅಂಗಡಿಯಲ್ಲಿ ಏನಿದೆ ಅಂತ ಅಲ್ಲ.

ಲೆಕ್ಕದ_ಪುಸ್ತಕ:

ಸಂಶಯದವರ ಕೊನೆಯ ಮಾತು ಒಪ್ಪಿದೆ. ಆದರೆ ಶುದ್ಧತೆಗೂ ಸಹಕಾರಿ ಅಂಗಡಿಗೂ ನಂಟೇ ಇಲ್ಲ ಅನ್ನಲಾಗದು, ಇದು ಶುರುವಾದದ್ದೇ ಅಲ್ಲಿಂದ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 28 ಜನ, ಅವರಲ್ಲಿ ಎಷ್ಟೋ ಜನ ನೇಕಾರರು, ತಲೆಗೆ ಒಂದೊಂದು ಪೌಂಡ್ ಸೇರಿಸಿ 1844ರ ಡಿಸೆಂಬರ್ 21ರಂದು ಟೋಡ್ ಲೇನ್ ಎಂಬ ಬೀದಿಯಲ್ಲಿ ಅಂಗಡಿ ತೆರೆದರು. ಇಟ್ಟಿದ್ದು ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಹಿಟ್ಟು, ಮೇಣದಬತ್ತಿ, ಅಷ್ಟೇ. ಆಗಿನ ಅಂಗಡಿಗಳಲ್ಲಿ ಹಿಟ್ಟಿಗೆ ಸೀಮೆಸುಣ್ಣ, ಪಟಿಕ ಬೆರೆಸುವುದು ಮಾಮೂಲು, ತೂಕದಲ್ಲೂ ಮೋಸ. ಇವರು ಹೇಳಿದ್ದು: ಕಲಬೆರಕೆ ಇಲ್ಲ, ತೂಕ ಪೂರ್ತಿ, ಸಾಲ ಇಲ್ಲ, ಮಿಕ್ಕಿದ್ದು ಕೊಂಡಷ್ಟಕ್ಕೆ ತಕ್ಕಂತೆ ಹಂಚಿಕೆ. ಇವತ್ತಿನ ಸಹಕಾರಿ ಅಂಗಡಿಗಳ ನಿಯಮದ ಬೇರು ಅದೇ. ಅಂತರರಾಷ್ಟ್ರೀಯ ಸಹಕಾರಿ ಒಕ್ಕೂಟ 1995ರಲ್ಲಿ ಒಪ್ಪಿದ ಏಳು ತತ್ವಗಳಲ್ಲೂ ಅದರ ನೆರಳು ಕಾಣುತ್ತದೆ.

ಸಭೆಗೆ ಯಾರೂ ಬರಲ್ಲ ಅನ್ನೋದು ನಿಜವಾದ ತೊಂದರೆ. ಅದಕ್ಕೇ ಕೆಲವು ಅಂಗಡಿಗಳು ಸದಸ್ಯರ ಕೈಯಲ್ಲಿ ಕೆಲಸವನ್ನೂ ಮಾಡಿಸುತ್ತವೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1973ರಲ್ಲಿ ಶುರುವಾದ ಪಾರ್ಕ್ ಸ್ಲೋಪ್ ಫುಡ್ ಕೋಆಪ್‌ನಲ್ಲಿ ಸದಸ್ಯರಲ್ಲದವರಿಗೆ ವ್ಯಾಪಾರವೇ ಇಲ್ಲ, ಸದಸ್ಯರು ಸರದಿ ಪ್ರಕಾರ ದುಡಿಯಬೇಕು. ಕೂಲಿ ಖರ್ಚು ತಗ್ಗುತ್ತದೆ, ಬೆಲೆಯೂ ತಗ್ಗುತ್ತದೆ. ನಿಮ್ಮ ಪುಟ್ಟ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದು ಅಂದರೆ ಅದು ಬೇರೆ ಮಾದರಿ.

ಖಾಲಿ_ಡಬ್ಬಿ:

ಇತಿಹಾಸ ಸಾಕು ಗುರುಗಳೇ, ಪಾಪ ಅವರು ಏನು ಕೊಳ್ಳಬೇಕು ಅಂತ ಕೇಳಿದ್ದು.

ಹೊಸ_ಗಿರಾಕಿ, ನೀವು ಗಮನಿಸಿದ್ದು ಸರಿಯಾಗೇ ಇದೆ. ಪ್ಯಾಕೆಟ್ ಸಾಮಾನಿನಲ್ಲಿ ಸಣ್ಣ ಅಂಗಡಿ ಸೋಲಲೇಬೇಕು. ದೊಡ್ಡವರು ಲಾರಿಗಟ್ಟಲೆ ಕೊಳ್ಳುತ್ತಾರೆ, ಇವರು ಪೆಟ್ಟಿಗೆ ಲೆಕ್ಕದಲ್ಲಿ. ಹಲವು ಸಹಕಾರಿ ಅಂಗಡಿಗಳು ಒಟ್ಟಾಗಿ ಸಗಟು ಖರೀದಿ ಮಾಡುವುದು ಉಂಟು, ಆದರೂ ಅಂತರ ಪೂರ್ತಿ ಮುಚ್ಚುವುದಿಲ್ಲ. ಆದ್ದರಿಂದ ಸೋಪು, ಡಬ್ಬಿ ಆಹಾರ, ಟಿಶ್ಯೂ ಇಂಥವನ್ನು ಬೇರೆ ಕಡೆ ತಗೊಂಡರೆ ಯಾವ ಪಾಪವೂ ಬರುವುದಿಲ್ಲ.

ಬಿಡಿ ಸಾಮಾನಿನ ಕಥೆಯೇ ಬೇರೆ. ಅಲ್ಲಿ ಪ್ಯಾಕಿಂಗ್ ಇಲ್ಲ, ಬ್ರ್ಯಾಂಡ್ ಜಾಹೀರಾತಿನ ಹೊರೆ ಇಲ್ಲ. ಅದಕ್ಕಿಂತ ದೊಡ್ಡ ಲಾಭ ಅಂದರೆ ಬೇಕಾದಷ್ಟೇ ಕೊಳ್ಳಬಹುದು. ಒಂದು ಅಡುಗೆಗೆ ಎರಡು ಚಮಚ ಬೇಕಿರುವ ಮಸಾಲೆಗೆ ಪೂರ್ತಿ ಬಾಟಲಿ ತಂದು, ಅದು ಕಪಾಟಿನ ಮೂಲೆಯಲ್ಲಿ ಘಮ ಕಳೆದುಕೊಂಡು ಕೂರುವುದು ಯಾರ ಮನೆಯಲ್ಲಿ ಇಲ್ಲ ಹೇಳಿ. ಮಸಾಲೆ, ಎಣ್ಣೆಬೀಜ, ಇಡೀ ಧಾನ್ಯದ ಹಿಟ್ಟು, ಈ ಮೂರನ್ನು ಸ್ವಲ್ಪ ಸ್ವಲ್ಪವೇ ತಗೊಳ್ಳಿ. ಇಡೀ ಧಾನ್ಯದ ಹಿಟ್ಟಿನಲ್ಲಿ ಮೊಳಕೆ ಭಾಗದ ಎಣ್ಣೆ ಹಾಗೇ ಉಳಿದಿರುವುದರಿಂದ ಬಿಳಿ ಹಿಟ್ಟಿಗಿಂತ ಬೇಗ ಮುಗ್ಗಲು ವಾಸನೆ ಬರುತ್ತದೆ. ಡಬ್ಬದ ಮುಚ್ಚಳ ತೆಗೆದಾಗ ಹಳೇ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಬಿಟ್ಟು ಬನ್ನಿ.

ಮನೆಯ ಡಬ್ಬಿ ತಗೊಂಡು ಹೋಗುವುದಾದರೆ ತುಂಬುವ ಮೊದಲೇ ಖಾಲಿ ಡಬ್ಬಿ ತೂಗಿಸಿ, ಆ ತೂಕವನ್ನು ಮೇಲೆ ಬರೆಸಿಕೊಳ್ಳಿ. ಇಲ್ಲದಿದ್ದರೆ ಗಾಜಿನ ಬಾಟಲಿಯ ತೂಕಕ್ಕೂ ಗೋಡಂಬಿಯ ಬೆಲೆ ತೆರಬೇಕಾಗುತ್ತದೆ. ಹೋಲಿಸುವಾಗ ಪ್ಯಾಕೆಟ್ ಬೆಲೆ ನೋಡಬೇಡಿ, ಕಿಲೋಗೆ ಎಷ್ಟು ಅಂತ ನೋಡಿ. ಅದು ಕಪಾಟಿನ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಇಲ್ಲದಿದ್ದರೆ ಫೋನ್ ಇದೆಯಲ್ಲ.

ಕೌಂಟರ್_ಹಿಂದಿನಿಂದ:

ಡೆಲಿ ಬಗ್ಗೆ ನಾನು ಹೇಳುತ್ತೇನೆ, ಇಂಥದ್ದೇ ಕೌಂಟರ್‌ನಲ್ಲಿ ಕೆಲಸ ಮಾಡಿದ್ದೇನೆ.

ಮೊದಲು ನೋಡಬೇಕಾದದ್ದು ಬಿಸಿ, ತಣ್ಣಗೆ. ಬಿಸಿ ಪದಾರ್ಥ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಇರಬೇಕು, ತಣ್ಣಗಿನದು 5ಕ್ಕಿಂತ ಕೆಳಗೆ. ನಡುವಿನ ಉಷ್ಣತೆಯಲ್ಲಿ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಸೂಪ್ ಪಾತ್ರೆಯಿಂದ ಹಬೆ ಏಳುತ್ತಿಲ್ಲ, ಸೌಟು ಮುಟ್ಟಿದರೆ ಬರೀ ಬೆಚ್ಚಗಿದೆ ಅಂದರೆ ಆ ದಿನ ಸೂಪ್ ಬೇಡ. ಒಳ್ಳೆ ಕೌಂಟರ್‌ನವರು ಆಗಾಗ ಥರ್ಮಾಮೀಟರ್ ಚುಚ್ಚಿ ನೋಡಿ ಬರೆದಿಡುತ್ತಾರೆ. ಕೇಳಿದರೆ ತೋರಿಸುತ್ತಾರೆ, ಕೇಳೋಕೆ ಸಂಕೋಚ ಬೇಡ.

ಮನೆಗೆ ತಂದ ಮೇಲೆ ಬೇಯಿಸಿದ ತಿಂಡಿ, ಸೂಪ್ ಇಂಥವು ಫ್ರಿಜ್‌ನಲ್ಲಿ 3-4 ದಿನ. ಹೋಳು ಮಾಡಿಸಿದ ಮಾಂಸ 3ರಿಂದ 5 ದಿನ. ಹೊರಗೆ ಬಿಟ್ಟರೆ 2 ಗಂಟೆ, ಸೆಖೆ ಜೋರಾಗಿದ್ದರೆ ಅಷ್ಟೂ ಇಲ್ಲ. ಕೊಂಡ ದಿನದಿಂದ ಎಣಿಸುವ ಬದಲು ಅಂಗಡಿಯವರು ಯಾವತ್ತು ಮಾಡಿದ್ದು ಅಂತ ಕೇಳಿ ಅಲ್ಲಿಂದ ಎಣಿಸಿ. ಚೀಸ್ ಬೇಕಾದರೆ ಗಟ್ಟಿ ಚೀಸಿನ ತುಂಡನ್ನೇ ತಗೊಳ್ಳಿ. ಹೋಳು ಮಾಡಿದಷ್ಟೂ ಗಾಳಿ ತಾಗುವ ಮೈ ಜಾಸ್ತಿ, ಬೇಗ ಒಣಗುತ್ತದೆ, ಬೇಗ ಬೂಷ್ಟು ಹಿಡಿಯುತ್ತದೆ.

ಇನ್ನೊಂದು ಮಾತು, ಇದನ್ನು ಹಗುರವಾಗಿ ತಗೊಳ್ಳಬೇಡಿ. ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ಫ್ರಿಜ್‌ನ ತಣ್ಣಗೆಯಲ್ಲೂ ಬೆಳೆಯುತ್ತದೆ. ಮಾಂಸ ಹೋಳು ಮಾಡುವ ಯಂತ್ರದ ಸಂದುಗಳಲ್ಲಿ ಅದು ಸೇರಿಕೊಳ್ಳಬಹುದು. ಬಸುರಿಯರು, 65 ದಾಟಿದವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಡೆಲಿ ಮಾಂಸವನ್ನು ತಣ್ಣಗೆ ತಿನ್ನಬಾರದು, ಹಬೆಯಾಡುವಂತೆ ಬಿಸಿ ಮಾಡಿ, ಅಂದರೆ 74 ಡಿಗ್ರಿ ಮುಟ್ಟಿಸಿ ತಿನ್ನಬೇಕು. ಕಾಯಿಸದ ಹಾಲಿನ ಮೆತ್ತನೆ ಚೀಸ್ ಅವರಿಗೆ ಬೇಡವೇ ಬೇಡ.

ಹಣದ ವಿಷಯಕ್ಕೆ ಬಂದರೆ, ತೂಕದ ಮೇಲೆ ಮಾರುವ ಸಲಾಡ್ ಬಾರ್‌ನಲ್ಲಿ ಎಲ್ಲಕ್ಕೂ ಒಂದೇ ದರ. ಭಾರದ, ಅಗ್ಗದ ಪದಾರ್ಥ ತುಂಬಿಕೊಂಡರೆ ಅಂಗಡಿಗೆ ಲಾಭ, ಹಗುರದ, ದುಬಾರಿ ಪದಾರ್ಥ ಆರಿಸಿಕೊಂಡರೆ ನಿಮಗೆ. ನೀರು ತುಂಬಿದ ಸೌತೆಕಾಯಿ, ಬೇಯಿಸಿದ ಆಲೂಗಡ್ಡೆ ಮನೆಯಲ್ಲೇ ಮಾಡಿಕೊಳ್ಳಿ. ಸೊಪ್ಪು, ಬೀಜಗಳು, ಹುರಿದ ತರಕಾರಿ ಅಲ್ಲಿಂದ ತನ್ನಿ.

ಸಂಶಯದ_ಗಿರಾಕಿ:

ಕೌಂಟರ್ ಅವರೇ, ಬಾಡುತ್ತಿರುವ ತರಕಾರಿಯನ್ನೆಲ್ಲ ಸೂಪಿಗೆ ಹಾಕುತ್ತಾರೆ ಅಂತಾರಲ್ಲ, ನಿಜವಾ?

ಕೌಂಟರ್_ಹಿಂದಿನಿಂದ:

ನಿಜ, ಅದರಲ್ಲಿ ಮುಚ್ಚಿಡೋದು ಏನೂ ಇಲ್ಲ. ಸೊಟ್ಟ ಕ್ಯಾರೆಟ್, ಹೊರಗಿನ ಎಲೆ ಒಣಗಿದ ಕೋಸು, ತುಂಬಾ ಹಣ್ಣಾದ ಟೊಮೆಟೊ, ಇವೆಲ್ಲ ಕಪಾಟಿನಲ್ಲಿ ಮಾರಾಟ ಆಗಲ್ಲ, ಅಡುಗೆಗೆ ಏನೂ ತೊಂದರೆ ಇಲ್ಲ. ಸಣ್ಣ ಅಂಗಡಿಗೆ ಡೆಲಿ ಇರುವುದರ ದೊಡ್ಡ ಉಪಯೋಗವೇ ಇದು, ಎಸೆಯಬೇಕಾದದ್ದು ದುಡ್ಡಾಗುತ್ತದೆ. ಬಾಡಿದ್ದು ಬೇರೆ, ಕೊಳೆತದ್ದು ಬೇರೆ. ಕೊಳೆತದ್ದನ್ನು ಹಾಕಿದರೆ ಸೂಪಿನ ರುಚಿಯೇ ಚಾಡಿ ಹೇಳುತ್ತದೆ.

ಅಲರ್ಜಿ_ಅಮ್ಮ:

ಮಗನಿಗೆ ಕಡಲೆಕಾಯಿ ಅಲರ್ಜಿ, ಹಾಗಾಗಿ ಒಂದು ಮಾತು ಸೇರಿಸುತ್ತೇನೆ. ಬಿಡಿ ಸಾಮಾನಿನ ಡಬ್ಬಗಳಲ್ಲಿ ಒಬ್ಬರ ಚಮಚ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತದೆ, ಯಾರೂ ಬೇಕಂತ ಮಾಡುವುದಲ್ಲ. ಡೆಲಿಯಲ್ಲೂ ಅದೇ ಚಾಕು, ಅದೇ ಹಲಗೆ. ಅಲರ್ಜಿ ಜೋರಾಗಿರುವ ಮನೆಯವರು ಇವೆರಡನ್ನೂ ಬಿಟ್ಟು, ಚೀಟಿ ಅಂಟಿಸಿದ ಪ್ಯಾಕೆಟ್ ಮಾತ್ರ ತಗೊಳ್ಳಬೇಕು. ಖಾಲಿ ಡಬ್ಬಿಯವರ ಸಲಹೆಗೆ ಪೂರ್ತಿ ಉಲ್ಟಾ, ಏನು ಮಾಡೋದು! ಸಣ್ಣ ಅಂಗಡಿಯ ಒಂದು ಒಳ್ಳೆಯದು ಅಂದರೆ ಅಡುಗೆ ಮಾಡಿದವರೇ ಎದುರಿಗೆ ನಿಂತಿರುತ್ತಾರೆ, ಇದರಲ್ಲಿ ಏನೇನಿದೆ ಅಂದರೆ ಒಳಗೆ ಹೋಗಿ ಬಾಟಲಿ ತಂದೇ ತೋರಿಸುತ್ತಾರೆ.

ಹೊಸ_ಗಿರಾಕಿ:

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಕೇಳಿಕೊಂಡು ಬಂದೆ. ಷೇರು ಹಣವಂತೆ, ಕಂತಿನಲ್ಲಿ ಕಟ್ಟಬಹುದಂತೆ, ವಾಪಸ್ ಕೊಡುವುದು ನಿರ್ದೇಶಕ ಮಂಡಳಿ ಒಪ್ಪಿದ ಮೇಲಂತೆ. ವಾರ್ಷಿಕ ವರದಿ ಕೇಳಿದ್ದಕ್ಕೆ ಬಿಲ್ ಮಾಡುವ ಹುಡುಗಿ ಖುಷಿಯಾಗಿ ಒಂದು ಪ್ರತಿ ಕೊಟ್ಟಳು, ಯಾರೂ ಕೇಳಲ್ಲವಂತೆ. ಅದರಲ್ಲಿ ಹಿಂದಿನ ವರ್ಷ ಸ್ವಲ್ಪ ನಷ್ಟ ಅಂತ ಇದೆ. ನಷ್ಟದಲ್ಲಿರುವ ಅಂಗಡಿಗೆ ಷೇರು ಕಟ್ಟೋದು ಬುದ್ಧಿವಂತಿಕೆಯಾ?

ಲೆಕ್ಕದ_ಪುಸ್ತಕ:

ಒಂದು ವರ್ಷದ್ದು ನೋಡಿ ಹೇಳೋಕಾಗಲ್ಲ. ಹಿಂದಿನ ಎರಡು ಮೂರು ವರ್ಷದ ವರದಿಯನ್ನೂ ಕೇಳಿ ತಗೊಳ್ಳಿ. ಹೊಸ ಫ್ರಿಜ್ ಹಾಕಿಸಿದ ವರ್ಷದ ನಷ್ಟಕ್ಕೂ ಪ್ರತಿ ವರ್ಷ ಮಾರಾಟ ಇಳಿಯುತ್ತಿರುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಮೀಸಲು ನಿಧಿ ಎಷ್ಟಿದೆ, ಸಾಲ ಎಷ್ಟಿದೆ ನೋಡಿ. ಅಂಗಡಿ ಮುಚ್ಚಿದರೆ ಮೊದಲು ಸಾಲ ಕೊಟ್ಟವರಿಗೆ, ಆಮೇಲೆ ಏನಾದರೂ ಉಳಿದರೆ ಷೇರುದಾರರಿಗೆ. ಆದ್ದರಿಂದ ಹೋದರೂ ನಿದ್ದೆ ಕೆಡದಷ್ಟು ಹಣ ಮಾತ್ರ ಹಾಕಿ, ಅದೂ ಕಂತಿನಲ್ಲಿ.

ಸಂಶಯದ_ಗಿರಾಕಿ:

ಮತ್ತೆ ಷೇರು ಕಟ್ಟಿದರೆ ಸಭೆಗೆ ಹೋಗಿ ಮಾರಾಯ್ರೇ. ನಷ್ಟ ಯಾಕಾಯಿತು ಅಂತ ಎದ್ದು ನಿಂತು ಕೇಳಿ. ಸಾಧ್ಯವಾದರೆ ಟೊಮೆಟೊ ವಿಷಯವನ್ನೂ.