ಲಾರಿ ಹೋಗೋ ದಾರಿ ತೋರಿಸೋ ಮ್ಯಾಪ್ ಯಾವುದಿದೆ?

ದಾವಣಗೆರೆಯಿಂದ ಉಡುಪಿಗೆ ಅಕ್ಕಿ ಹೊಡೆಯೋ ಹತ್ತು ಚಕ್ರದ ಲಾರಿ ನನ್ನದು. ಮೊನ್ನೆ ಮ್ಯಾಪ್ ನಂಬಿ ಆಗುಂಬೆವರೆಗೂ ಹೋದೆ. ‘ಭಾರಿ ವಾಹನ ಘಾಟಿ ಇಳಿಯಂಗಿಲ್ಲ’ ಅಂದ್ರು. ಕತ್ತಲು, ಜಡಿಮಳೆ. ಕ್ಲೀನರ್ ಹುಡುಗ ಟಾರ್ಚ್ ಹಿಡಿದು ಹಿಂದೆ ನಿಂತ. ಚರಂಡಿಗೆ ಒಂದು ಗೇಣು ಉಳಿಸ್ಕೊಂಡು ಗಾಡಿ ತಿರುಗಿಸಿದೆ. ಡೀಸೆಲ್ ಹೋಗ್ಲಿ, ಆ ಹುಡುಗ ನಡುಗ್ತಿದ್ದದ್ದು ಕಣ್ಣಿಗೆ ಕಟ್ಟಿದಂಗಿದೆ.

ಉತ್ತರ 1: ಅಣ್ಣಾ, ಸಾಮಾನ್ಯ ಮ್ಯಾಪ್ ಕಾರಿನ ಲೆಕ್ಕದಲ್ಲಿ ದಾರಿ ಹುಡುಕುತ್ತೆ. ಆಗುಂಬೆಯ 14 ಹೇರ್‌ಪಿನ್ ತಿರುವು ಅದಕ್ಕೆ ಬರೀ ಹತ್ತಿರದ ದಾರಿ. ಓಸ್ಮ್ಯಾಂಡ್ ಅನ್ನೋ ಮ್ಯಾಪ್ ಆ್ಯಪ್‌ನಲ್ಲಿ ಟ್ರಕ್ ಪ್ರೊಫೈಲ್ ಇದೆ, ಗಾಡಿಯ ಎತ್ತರ, ತೂಕ ತುಂಬಿಸಿ. ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತೆ.

ಉತ್ತರ 2: ಆದರೆ ಅದು ಬಳಸೋದು ಜನರೇ ತುಂಬಿಸೋ ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿ. ಸೇತುವೆಯ ತೂಕದ ಮಿತಿ ಯಾರೂ ಸೇರಿಸದಿದ್ದರೆ ಅದಕ್ಕೂ ತಿಳಿಯಲ್ಲ. ನಿಮಗೆ ಗೊತ್ತಿರೋದನ್ನ ನೀವೇ ಸೇರಿಸಿ, ದಯವಿಟ್ಟು.

ಉತ್ತರ 3: ಮಳೆಗಾಲದಲ್ಲಿ ಜಿಲ್ಲಾಧಿಕಾರಿ ಆದೇಶ ನೋಡದೆ ಘಾಟಿ ಕಡೆ ತಿರುಗಿಸಬೇಡಿ. ಬಂಡೀಪುರದ ಕಡೆ ಹೋದರೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟ್ ಬಂದ್. ನಾನಂತೂ ಹೊರಡೋ ಮುಂಚೆ ಎದುರಿಂದ ಬಂದ ಡ್ರೈವರ್‌ಗೆ ಒಂದು ಫೋನ್ ಹಾಕ್ತೀನಿ.