ಅಮೆರಿಕದವರು ಮೂಳೆ ಹುಡುಕಿಕೊಂಡು ಅರುಣಾಚಲಕ್ಕೆ ಬರುತ್ತಾರೆ, ನಮ್ಮ 54 ಜನರ ಗತಿ?

ಅಂತರಗಂಗೆ (ಕೋಲಾರ): ಎರಡನೇ ಮಹಾಯುದ್ಧದಲ್ಲಿ ಅಸ್ಸಾಮಿನಿಂದ ಹಿಮಾಲಯ ದಾಟಿ ಚೀನಾಕ್ಕೆ ಸಾಮಾನು ಸಾಗಿಸುತ್ತಿದ್ದ ಎಷ್ಟೋ ಅಮೆರಿಕನ್ ವಿಮಾನಗಳು ಅರುಣಾಚಲದ ಕಾಡುಬೆಟ್ಟಗಳಲ್ಲಿ ಬಿದ್ದವು. ಎಂಬತ್ತು ವರ್ಷ ಆಯ್ತು. ಆದರೂ ಕಾಣೆಯಾದ ಸೈನಿಕರನ್ನು ಹುಡುಕೋ ಅವರ ರಕ್ಷಣಾ ಇಲಾಖೆಯ ಡಿಪಿಎಎ ಅನ್ನೋ ಸಂಸ್ಥೆ ಅಲ್ಲಿಗೆ ತಂಡ ಕಳಿಸಿ ಮಣ್ಣು ಜರಡಿ ಹಿಡಿಸಿದೆ. 2016ರಲ್ಲಿ ಸಿಕ್ಕ ಅವಶೇಷಗಳನ್ನು ದೆಹಲಿಯಿಂದ ಗೌರವದ ಜೊತೆ ಒಯ್ದರು. 2021ರಲ್ಲಿ ಗಾಂಧಿನಗರದ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಬೇರೆ. ನಾವು ಇದಕ್ಕೆಲ್ಲ ಸಹಾಯ ಮಾಡಿದ್ದು ಸರಿಯೇ. ಆದರೆ 1971ರ ಯುದ್ಧದಲ್ಲಿ ಕಾಣೆಯಾದ ನಮ್ಮ 54 ಸೈನಿಕರು? ಬೇರೆಯವರೂ ಸೇರಿ 83 ಜನ ಪಾಕಿಸ್ತಾನದ ವಶದಲ್ಲಿ ಇರಬಹುದು ಅಂತ 2019ರಲ್ಲಿ ಸರ್ಕಾರವೇ ಸಂಸತ್ತಿನಲ್ಲಿ ಹೇಳಿದೆ. ನಮಗೂ ಅಂಥದ್ದೊಂದು ಸಂಸ್ಥೆ ಬೇಡವಾ?

ಕೆಜಿಎಫ್ ಹುಡುಗ: "ಅಂಥದ್ದೊಂದು ಸಂಸ್ಥೆ" ಕಟ್ಟಿ ಬೋರ್ಡು ಹಾಕಿದರೆ ಪಾಕಿಸ್ತಾನ ಜೈಲಿನ ಬೀಗ ತೆಗೆಯುತ್ತದಾ? ನಮ್ಮ ಹತ್ತಿರ ಯಾರೂ ಇಲ್ಲ ಅಂತ ಅವರು ಐವತ್ತು ವರ್ಷದಿಂದ ಒಂದೇ ರಾಗ. 2007ರಲ್ಲಿ ಮನೆಯವರನ್ನೇ ಕರೆಸಿ ಜೈಲು ತೋರಿಸಿ ಕಳಿಸಿದರು, ಸಿಕ್ಕಿದ್ದೇನು? 1972ರಲ್ಲಿ ನಮ್ಮ ಕೈಗೆ ಸಿಕ್ಕ ಪಾಕಿಸ್ತಾನದ 93 ಸಾವಿರ ಕೈದಿಗಳನ್ನು ಸುಮ್ನೆ ಬಿಟ್ಟಾಗಲೇ ಕಥೆ ಮುಗಿಯಿತು.

ಶಾಸನ ಮೇಷ್ಟ್ರು (ಚಿಕ್ಕಬಳ್ಳಾಪುರ): 1972 ಅಲ್ಲ. ಶಿಮ್ಲಾ ಒಪ್ಪಂದ 1972. ಕೈದಿಗಳನ್ನು ಬಿಡಲು ಶುರುವಾಗಿದ್ದು 1973ರ ದೆಹಲಿ ಒಪ್ಪಂದದ ಮೇಲೆ, ಮುಗಿದಿದ್ದು 1974ರಲ್ಲಿ.

ಕೆಜಿಎಫ್ ಹುಡುಗ: ಬಿಟ್ಟಿದ್ದಂತೂ ನಿಜ ತಾನೇ ಮೇಷ್ಟ್ರೇ? ಇಸವಿ ತಿದ್ದಿದರೆ ಅವರು ವಾಪಸ್ ಬರುತ್ತಾರಾ?

ಅಂತರಗಂಗೆ: ಶತ್ರುವಿನ ಜೊತೆ ಆಗೋದಿಲ್ಲ ಅನ್ನೋದು ಸೋಮಾರಿ ಮಾತು. ಅಮೆರಿಕ ಮತ್ತು ವಿಯೆಟ್ನಾಂ ಒಟ್ಟಿಗೆ ಹುಡುಕಲು ಶುರು ಮಾಡಿದ್ದು 1988ರಲ್ಲಿ. ರಾಯಭಾರ ಸಂಬಂಧ ಆಗಿದ್ದು 1995ರಲ್ಲಿ. ಅಂದರೆ ಮೊದಲು ಹೆಣ ಹುಡುಕಿದರು, ಆಮೇಲೆ ಕೈ ಕುಲುಕಿದರು. ಅಷ್ಟೇ ಯಾಕೆ, 2018ರಲ್ಲಿ ಉತ್ತರ ಕೊರಿಯಾ ಕೂಡ 55 ಪೆಟ್ಟಿಗೆ ಕೊಟ್ಟಿದೆ.

ಕೆಜಿಎಫ್ ಹುಡುಗ: "ಕೈ ಕುಲುಕಿದರು"! ಯಾಕೆ ಕುಲುಕಿದರು ಹೇಳಿ. ವಿಯೆಟ್ನಾಂಗೆ ಅಮೆರಿಕದ ವ್ಯಾಪಾರ ಬೇಕಿತ್ತು. ಪಾಕಿಸ್ತಾನಕ್ಕೆ ನಮ್ಮಿಂದ ಏನು ಬೇಕು? ಟೊಮೆಟೊನಾ?

ಮುಳಬಾಗಿಲು ದೋಸೆ: ಅಮೆರಿಕ, ವಿಯೆಟ್ನಾಂ ಅಂತ ಯಾಕೆ ಸುತ್ತುತ್ತೀರಿ? ಸತ್ತ ಸೈನಿಕನಿಗೆ ಗೌರವ ಕೊಡೋದು ನಮಗೆ ಯಾರೂ ಕಲಿಸಬೇಕಿಲ್ಲ. ಸಾವಿರ ವರ್ಷದ ಹಿಂದೆಯೇ ಹೆಣ ಸಿಗದಿದ್ದರೂ ವೀರಗಲ್ಲು ನೆಡುತ್ತಿದ್ದೆವು. ಕೋಲಾರ ಜಿಲ್ಲೆಯಲ್ಲಿ ಊರಿಗೊಂದು ಇದೆ.

ಶಾಸನ ಮೇಷ್ಟ್ರು: "ಹೆಣ ಸಿಗದಿದ್ದರೂ" ಅಂತ ಯಾವ ಶಾಸನದಲ್ಲಿದೆ? ವೀರಗಲ್ಲು ಗೋರಿ ಅಲ್ಲ, ಕೆಳಗೆ ಹೆಣ ಇರಲೇಬೇಕು ಅಂತಿಲ್ಲ, ಅದು ಬೇರೆ ವಿಷಯ. ಆದರೆ ಕಾಣೆಯಾದವನಿಗಾಗಿ ನೆಟ್ಟರು ಅನ್ನೋದು ನಿಮ್ಮ ಸ್ವಂತ ಸೇರ್ಪಡೆ. ಇನ್ನೊಂದು, ಅವರೆಲ್ಲ ಸೈನಿಕರೂ ಅಲ್ಲ. ಬಹಳಷ್ಟು ಕಲ್ಲುಗಳು ತುರುಗೋಳಿನವು. ಕಳ್ಳರು ದನ ಹೊಡೆದುಕೊಂಡು ಹೋದಾಗ ಅಡ್ಡ ನಿಂತು ಸತ್ತ ಊರಿನವರು.

ಮುಳಬಾಗಿಲು ದೋಸೆ: ಅಂದರೆ ನಮ್ಮ ವೀರರು ದನ ಕಾಯೋರು ಅಂತಾನಾ ನಿಮ್ಮ ಅಭಿಪ್ರಾಯ?

ಶಾಸನ ಮೇಷ್ಟ್ರು: ದನ ಕಾಯೋದು ಅವಮಾನ ಅಂತ ನಾನು ಹೇಳಲಿಲ್ಲ, ನೀವು ಹೇಳಿದಿರಿ.

ಸಿರಾ ಸೀಮೆಯ ಸೊಸೆ: ಮಧ್ಯೆ ಒಂದು ಮಾತು ಕೇಳಲಾ? ನಮ್ಮ ಯಜಮಾನರ ಅಜ್ಜಿಯ ಗಂಡ ಸ್ಯಾಪರ್, ಅಂದರೆ ಸೈನ್ಯದ ಇಂಜಿನಿಯರ್ ದಳದ ಸಿಪಾಯಿ ಆಗಿದ್ದವರು. 1942ರಲ್ಲಿ ಸಿಂಗಾಪುರ ಬಿದ್ದ ಮೇಲೆ ಸುದ್ದಿ ಇಲ್ಲ. "ಕಾಣೆಯಾಗಿದ್ದಾರೆ" ಅಂತ ಬಂದ ಟೆಲಿಗ್ರಾಂ ನಶ್ಯದ ಡಬ್ಬಿಯಲ್ಲಿ ನಾಲ್ಕು ಮಡಿಕೆಯಾಗಿ ಇದೆ. ಮಡಿಕೆ ಇರೋ ಕಡೆ ಅಕ್ಷರ ಉದುರಿಹೋಗಿವೆ, ಈಗಲೂ ಬಿಚ್ಚಿದರೆ ನಶ್ಯದ ಘಾಟು. ಸತ್ತರು ಅಂತ ಯಾರೂ ಬರೆದು ಕೊಡಲಿಲ್ಲ, ಅಜ್ಜಿ ಕುಂಕುಮ ಅಳಿಸಲಿಲ್ಲ. ತಿಥಿ ಯಾವತ್ತು ಅಂತ ಗೊತ್ತಿಲ್ಲದೆ ಮಹಾಲಯ ಅಮಾವಾಸ್ಯೆ ದಿನ ಎಡೆ ಇಡುತ್ತಿದ್ದರಂತೆ. ಅದಕ್ಕೂ ಅಜ್ಜಿ ಹೊರಗೆ ಬರುತ್ತಿರಲಿಲ್ಲವಂತೆ. ಅವರ ಹೆಸರು ಎಲ್ಲಾದರೂ ಇದೆಯಾ ಅಂತ ಹುಡುಕೋದು ಹೇಗೆ?

ಮುಳಬಾಗಿಲು ದೋಸೆ: ಅಕ್ಕ, ಒಂದು ನಿಮಿಷ. ಮೇಷ್ಟ್ರೇ, ತಪ್ಪಿಸಿಕೊಳ್ಳಬೇಡಿ. ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದ್ದು. ಅದನ್ನು ಸಂಪಾದಿಸಿದ ರೈಸ್ ಸಾಹೇಬರು ಸುಮ್ನೆ ಮಾಡಿದ್ರಾ?

ಶಾಸನ ಮೇಷ್ಟ್ರು: ಹತ್ತನೇ ಸಂಪುಟ ನನ್ನ ಮೇಜಿನ ಮೇಲಿದೆ. 1905ರದ್ದು. ಆಗ ಚಿಕ್ಕಬಳ್ಳಾಪುರವೂ ಕೋಲಾರಕ್ಕೇ ಸೇರಿತ್ತು, ಹಾಗಾಗಿ ಅರ್ಧ ಕಲ್ಲು ನಮ್ಮವು. ನೀವು ಓದಿದ್ದೀರಾ, ಅಥವಾ ಹೆಸರು ಮಾತ್ರ ಕೇಳಿದ್ದೀರಾ?

ಮುಳಬಾಗಿಲು ದೋಸೆ: "ಅರ್ಧ ಕಲ್ಲು ನಮ್ಮವು". 2007ರಲ್ಲಿ ಜಿಲ್ಲೆ ಮಾಡಿಕೊಂಡು ಈಗ ಕಲ್ಲಿನಲ್ಲೂ ಪಾಲು!

ಶಾಸನ ಮೇಷ್ಟ್ರು: ಕಲ್ಲು ನೆಟ್ಟರೆ ಸತ್ತವನು ಸೈನಿಕನೇ ಆಗಿರಬೇಕು ಅಂತಿಲ್ಲ, ಅಷ್ಟೇ ನನ್ನ ವಾದ. ಮಂಡ್ಯದ ಆತಕೂರಿನಲ್ಲಿ ಹತ್ತನೇ ಶತಮಾನದ ಕಲ್ಲಿದೆ. ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಗೆ ನೆಟ್ಟಿದ್ದು. ಈಗ ಬೆಂಗಳೂರು ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ.

ಮುಳಬಾಗಿಲು ದೋಸೆ: ನೋಡ್ರಪ್ಪಾ, ಸೈನಿಕರನ್ನು ನಾಯಿಗೆ ಹೋಲಿಸಿದರು. ಎಲ್ಲರೂ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ.

ಶಾಸನ ಮೇಷ್ಟ್ರು: ಅಯ್ಯಾ, ಓದೋಕೆ ಬರುತ್ತಾ ನಿಮಗೆ?

ಮಾಜಿ ಹವಾಲ್ದಾರ (ಗುಬ್ಬಿ): ನಿಲ್ಲಿಸ್ರೀ ಇಬ್ಬರೂ. ಸಿರಾ ತಂಗಿ, ಎರಡು ಮಹಾಯುದ್ಧಗಳಲ್ಲಿ ಸತ್ತ ಬ್ರಿಟಿಷ್ ಸಾಮ್ರಾಜ್ಯದ ಸೈನಿಕರ ಸಮಾಧಿ, ಹೆಸರು ನೋಡಿಕೊಳ್ಳೋ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ ಒಂದಿದೆ. ಅವರ ವೆಬ್‌ಸೈಟಿನಲ್ಲಿ ಹೆಸರು ಹುಡುಕಬಹುದು. ಸಿಂಗಾಪುರದ ಕ್ರಾಂಜಿಯಲ್ಲಿ, ಸಮಾಧಿ ಎಲ್ಲಿದೆ ಅಂತ ಗೊತ್ತಿಲ್ಲದ 24 ಸಾವಿರಕ್ಕೂ ಹೆಚ್ಚು ಜನರ ಹೆಸರನ್ನು ಗೋಡೆಗಳಲ್ಲಿ ಕೆತ್ತಿದ್ದಾರೆ. ಇಂಗ್ಲಿಷ್ ಸ್ಪೆಲಿಂಗ್ ನಂಬಬೇಡಿ. ರಂಗಪ್ಪ ಅನ್ನೋದನ್ನು ಹತ್ತು ಥರ ಬರೆದಿರುತ್ತಾರೆ. ಎಷ್ಟೋ ಹೆಸರಿನ ಜೊತೆ ಅಪ್ಪನ ಹೆಸರು, ಊರು ಇರುತ್ತದೆ, ಅದನ್ನು ಹಿಡಿದು ಹುಡುಕಿ. ಟೆಲಿಗ್ರಾಂನಲ್ಲಿ ಅವರ ಸೈನ್ಯದ ನಂಬರ್ ಉಳಿದಿದ್ದರೆ ಕೆಲಸ ಸುಲಭ.

ಕೆಜಿಎಫ್ ಹುಡುಗ: ಬ್ರಿಟಿಷರ ಕಮಿಷನ್ನನ್ನು ಹೊಗಳುತ್ತಿದ್ದೀರಾ ಸಾರ್? ಮೊದಲ ಮಹಾಯುದ್ಧದ ಭಾರತ, ಆಫ್ರಿಕಾದ ಸೈನಿಕರಿಗೆ ಬಿಳಿಯರಷ್ಟು ಗೌರವ ಕೊಡಲಿಲ್ಲ ಅಂತ 2021ರಲ್ಲಿ ಅವರ ವರದಿಯೇ ಒಪ್ಪಿಕೊಂಡಿದೆ. ಕನಿಷ್ಠ 45 ಸಾವಿರ ಜನರಿಗೆ ಹಾಗಾಗಿದೆಯಂತೆ. ಬ್ರಿಟನ್ನಿನ ಮಂತ್ರಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು.

ಮಾಜಿ ಹವಾಲ್ದಾರ: ಹೊಗಳಲಿಲ್ಲ. ವಿಳಾಸ ಕೊಟ್ಟೆ.

ಅಂತರಗಂಗೆ: "ಅವರ ವರದಿಯೇ ಒಪ್ಪಿಕೊಂಡಿದೆ." ಇದೇ ನಾನು ಹೇಳ್ತಿರೋದು! ಒಪ್ಪಿಕೊಳ್ಳಲಿಕ್ಕೂ ಒಂದು ಸಂಸ್ಥೆ ಬೇಕು. ನಮ್ಮಲ್ಲಿ ಯಾರು ವರದಿ ಬರೆಯಬೇಕು?

ಕೆಜಿಎಫ್ ಹುಡುಗ: ನಮ್ಮ ಸೈನ್ಯ ಹುಡುಕೋದಿಲ್ಲ ಅಂತ ಯಾರು ಹೇಳಿದರು? 1968ರಲ್ಲಿ ಹಿಮಾಚಲದ ರೋಹ್ತಾಂಗ್ ಹತ್ತಿರ 102 ಜನರ ಜೊತೆ ವಾಯುಪಡೆಯ ಎಎನ್-12 ವಿಮಾನ ಬಿತ್ತು. 2024ರಲ್ಲಿ ಸೈನ್ಯದ ಡೋಗ್ರಾ ಸ್ಕೌಟ್ಸ್ ದಳದವರು ಹಿಮದಿಂದ ನಾಲ್ಕು ಹೆಣ ತೆಗೆದು ಊರಿಗೆ ಕಳಿಸಿದರು. 56 ವರ್ಷ ಆದ ಮೇಲೆ! 2016ರಲ್ಲಿ 29 ಜನರ ಜೊತೆ ಬಂಗಾಳ ಕೊಲ್ಲಿಯಲ್ಲಿ ಮುಳುಗಿದ ಎಎನ್-32 ವಿಮಾನದ ಅವಶೇಷಗಳನ್ನು 2024ರಲ್ಲಿ 3,400 ಮೀಟರ್ ಆಳದಲ್ಲಿ ಕಂಡುಹಿಡಿದಿದ್ದೂ ನಮ್ಮವರೇ. ಯಾರ ಸಹಕಾರ ಬೇಕಾಯಿತು?

ಅಂತರಗಂಗೆ: ಎರಡೂ ನಮ್ಮ ಗಡಿಯ ಈಚೆ, ನಮ್ಮ ಸಮುದ್ರ. ಆಚೆ ಬಿದ್ದವರ ಮಾತು ಹೇಳಿ.

ಕೆಜಿಎಫ್ ಹುಡುಗ: ಆಚೆ ಅಂದರೆ ಮತ್ತೆ ಪಾಕಿಸ್ತಾನ. ಮತ್ತೆ ಅದೇ ರಾಗ. ಮೊದಲ ಕಾಮೆಂಟಿಗೆ ಹೋಗಿ ಓದಿಕೊಳ್ಳಿ.

ಮಾಜಿ ಹವಾಲ್ದಾರ: ಬಾಯಿಗೆ ಬಂದ ಹಾಗೆ ಮಾತಾಡೋ ಮುಂಚೆ ಜಿನೀವಾ ಒಪ್ಪಂದ ಓದ್ರಪ್ಪಾ. 1949ರದ್ದು, ಎರಡೂ ದೇಶ ಸಹಿ ಹಾಕಿವೆ. ಹೊಡೆದಾಟ ಮುಗಿದ ಕೂಡಲೇ ಕೈದಿಗಳನ್ನು ಬಿಡಬೇಕು, ಸತ್ತವರ ಸಮಾಧಿಗೆ ಗುರುತು ಹಾಕಬೇಕು, ಪಟ್ಟಿ ಕೊಡಬೇಕು ಅಂತ ಅದರಲ್ಲಿದೆ. ಇದು ಕೇಳಿ ಪಡೆಯೋ ಉಪಕಾರ ಅಲ್ಲ. ನನ್ನ ಸರ್ವೀಸಿನಲ್ಲಿ ಒಬ್ಬ ಹುಡುಗನ ಪೆಟ್ಟಿಗೆ ಮನೆಗೆ ತಲುಪಿಸಿದ್ದೇನೆ. ಅಪ್ಪ ಮುಚ್ಚಳ ತೆಗೆಸಿ ಕಾಲು ನೋಡಿದ. ಮುಖ ನೋಡಲಿಲ್ಲ, ಕಾಲು. ಕಿರುಬೆರಳಿನ ಮೇಲೆ ಗಾಯದ ಗುರುತು ಇತ್ತು. ಆಮೇಲೆ ಅತ್ತ. ನೀವು ಇಲ್ಲಿ ಟೊಮೆಟೊ ಜೋಕ್ ಮಾಡ್ತೀರಿ.

ಕೆಜಿಎಫ್ ಹುಡುಗ: ಟೊಮೆಟೊ ಮಾತು ಸೈನಿಕರ ಬಗ್ಗೆ ಅಲ್ಲ ಸಾರ್, ವ್ಯಾಪಾರದ ಬಗ್ಗೆ. ಬೇಕಿದ್ದರೆ ಅಳಿಸ್ತೀನಿ. ವಾದ ಮಾತ್ರ ಅಳಿಸೋದಿಲ್ಲ.

ಸಿರಾ ಸೀಮೆಯ ಸೊಸೆ: ಹವಾಲ್ದಾರ್ ಅಣ್ಣ, ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಟೆಲಿಗ್ರಾಂನಲ್ಲಿ ನಂಬರಿನ ಕೊನೆಯ ಮೂರು ಅಂಕಿ ಕಾಣುತ್ತಿವೆ. ಊರಿನ ಹೆಸರನ್ನು ಮೂರು ಥರ ಹಾಕಿ ನೋಡ್ತೀನಿ.

ಮುಳಬಾಗಿಲು ದೋಸೆ: ಮೇಷ್ಟ್ರು ಇನ್ನೂ ನನಗೆ ಉತ್ತರ ಕೊಟ್ಟಿಲ್ಲ. ನಮ್ಮ ಊರಿನಲ್ಲೇ ಒಂದು ವೀರಗಲ್ಲಿದೆ. ಕೆಳಗೆ ಕತ್ತಿ ಹಿಡಿದವನು, ಮಧ್ಯೆ ಅಪ್ಸರೆಯರು ಎತ್ತಿಕೊಂಡು ಹೋಗ್ತಿರೋದು, ಮೇಲೆ ಲಿಂಗ, ಸೂರ್ಯ, ಚಂದ್ರ. ಒಂದೇ ಒಂದು ದನ ಇಲ್ಲ. ಏನಂತೀರಿ?

ಶಾಸನ ಮೇಷ್ಟ್ರು: ಬುಡದ ಸಾಲು ಮಣ್ಣಿನಲ್ಲಿ ಹೂತಿರಬಹುದು. ದನ ಇರೋದು ಅಲ್ಲೇ. ಕಲ್ಲು ಎಲ್ಲಿದೆ?

ಮುಳಬಾಗಿಲು ದೋಸೆ: ಬೋರ್‌ವೆಲ್ ಪಕ್ಕ.

ಶಾಸನ ಮೇಷ್ಟ್ರು: ನಿಂತಿದೆಯಾ, ಮಲಗಿದೆಯಾ?

ಮುಳಬಾಗಿಲು ದೋಸೆ: ಮಲಗಿದೆ. ಅದರ ಮೇಲೆ ಬಟ್ಟೆ ಒಗೆಯುತ್ತಾರೆ.

ಶಾಸನ ಮೇಷ್ಟ್ರು: ಓಹೋ. "ನಮಗೆ ಯಾರೂ ಕಲಿಸಬೇಕಿಲ್ಲ" ಅಂದವರು ಯಾರೋ ಇದ್ದರಲ್ಲ. ಫೋಟೋ ಹಾಕಿ, ಅಕ್ಷರ ಇದ್ದರೆ ಓದಿ ಹೇಳ್ತೀನಿ.

ಮುಳಬಾಗಿಲು ದೋಸೆ: ಈಗ ಆಗೋದಿಲ್ಲ. ನಮ್ಮ ಚಿಕ್ಕಮ್ಮ ಕಂಬಳಿ ಒಗೀತಿದ್ದಾರೆ.