‘ಆನುವಂಶಿಕ’ ಅಂದರೆ ವಂಶದಿಂದ ಬಂದದ್ದೇ ಆಗಬೇಕಾ?

ಗೆಳೆಯರೆ,

ಜೀನಿನಲ್ಲೇ ಆದ, ಆದರೆ ಹೆತ್ತವರಿಂದ ಬಾರದ ತೊಂದರೆಗೆ ಕನ್ನಡದಲ್ಲಿ ಒಂದು ಪದ ಬೇಕಾಗಿದೆ. ನನ್ನ ತಂಗಿಯ ಮಗುವಿಗೆ ಹುಟ್ಟುವಾಗಲೇ ಹಣೆಯಿಂದ ಎಡಗಣ್ಣಿನ ರೆಪ್ಪೆವರೆಗೂ ಕೆಂಪು ಮಚ್ಚೆ ಇತ್ತು. ಐದು ತಿಂಗಳಾದಾಗ ಫಿಟ್ಸ್ ಬಂತು. ಸ್ಟರ್ಜ್-ವೆಬರ್ ಸಿಂಡ್ರೋಮ್ ಅಂದರು. ಆಸ್ಪತ್ರೆಯಲ್ಲಿ ಕೊಟ್ಟ ಕನ್ನಡದ ಹಾಳೆಯಲ್ಲಿ ‘ಇದು ಆನುವಂಶಿಕ ತೊಂದರೆ’ ಅಂತಿತ್ತು. ಅದನ್ನು ಓದಿ ಅವಳ ಅತ್ತೆ ಕೇಳಿದ ಮೊದಲ ಮಾತು, ‘ನಿಮ್ಮ ಕಡೆ ಯಾರಿಗಿತ್ತಮ್ಮಾ?’

ಯಾರಿಗೂ ಇರಲಿಲ್ಲ. ಇರಬೇಕಾಗಿಯೂ ಇಲ್ಲ. ಜಿಎನ್‌ಎಕ್ಯೂ ಅನ್ನುವ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಈ ತೊಂದರೆ ಬರುತ್ತದೆ ಅಂತ 2013ರಲ್ಲಿ ಪತ್ತೆಯಾಯಿತು. ಆ ಬದಲಾವಣೆ ಅಪ್ಪನಿಂದ ಬಂದದ್ದಲ್ಲ, ಅಮ್ಮನಿಂದಲೂ ಅಲ್ಲ. ಬಸಿರು ನಿಂತ ಮೇಲೆ ಭ್ರೂಣದ ಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತಾ ಹೋಗುತ್ತವಲ್ಲ, ಆಗ ಯಾವುದೋ ಒಂದು ಕೋಶದಲ್ಲಿ ಆಗುವಂಥದ್ದು. ಆ ಕೋಶದಿಂದ ಹುಟ್ಟಿದ ಕೋಶಗಳಲ್ಲಿ ಮಾತ್ರ ಅದು ಉಳಿಯುತ್ತದೆ. ಮೈಯೆಲ್ಲಾ ಹರಡದೆ ಮಚ್ಚೆ ಒಂದು ಕಡೆ ಮಾತ್ರ ಇರುವುದು ಅದಕ್ಕೇ.

ಇಂಗ್ಲಿಷಿನಲ್ಲಿ ಜೆನೆಟಿಕ್ (ಜೀನಿಗೆ ಸಂಬಂಧಿಸಿದ್ದು) ಬೇರೆ, ಹೆರೆಡಿಟರಿ (ಹೆತ್ತವರಿಂದ ಬಂದದ್ದು) ಬೇರೆ. ನಾವು ಎರಡಕ್ಕೂ ‘ಆನುವಂಶಿಕ’ ಅಂತಲೇ ಬರೆಯುತ್ತೇವೆ. ‘ವಂಶವಾಹಿ’ಯಲ್ಲೂ ವಂಶ ಬಂದೇ ಬರುತ್ತದೆ. ‘ಜನ್ಮಜಾತ’ ಅನ್ನಬಹುದು, ಆದರೆ ಬಸಿರಲ್ಲಿ ತಾಯಿಗೆ ರುಬೆಲ್ಲಾ ಸೋಂಕು ತಗುಲಿ ಮಗು ಕಿವುಡಾದರೆ ಅದೂ ಜನ್ಮಜಾತವೇ, ಅಲ್ವಾ? ಅಲ್ಲಿ ಜೀನಿನ ಮಾತೇ ಇಲ್ಲ. ‘ಜೀನ್ ದೋಷ’ ಅಂತ ಒಬ್ಬರು ಸೂಚಿಸಿದರು. ನನಗೆ ಒಪ್ಪಿಗೆಯಿಲ್ಲ. ನಾಗದೋಷ, ಕುಜದೋಷ ಅಂತ ಕೇಳಿ ಬೆಳೆದವರು ನಾವು. ದೋಷ ಅಂದ ತಕ್ಷಣ ಪರಿಹಾರಕ್ಕೆ ಹೊರಡುತ್ತಾರೆ, ಇಲ್ಲವೇ ಹೆತ್ತವಳ ತಲೆಗೆ ಕಟ್ಟುತ್ತಾರೆ.

ಸದ್ಯಕ್ಕೆ ನಾನು ‘ಬಸಿರಲ್ಲಾದ ಜೀನ್ ಬದಲಾವಣೆ’ ಅಂತ ಬರೆದುಕೊಂಡಿದ್ದೇನೆ. ಅರ್ಥವೇನೋ ಆಗುತ್ತದೆ, ಆದರೆ ಬಾಯಲ್ಲಿ ಸಲೀಸಾಗಿ ಬರುವುದಿಲ್ಲ.

ಇನ್ನೊಂದು ಯೋಚನೆ. ನಮ್ಮ ಗೇಟಿನ ಹತ್ತಿರ ಕಾಗದದ ಹೂವಿನ ಬಳ್ಳಿ ಇದೆ. ಗಿಡವೆಲ್ಲಾ ಕಡುಗುಲಾಬಿ, ಒಂದು ರೆಂಬೆಯಲ್ಲಿ ಮಾತ್ರ ಬಿಳಿ. ಕಸಿ ಮಾಡಿದ್ದಲ್ಲ, ತಾನಾಗಿಯೇ ಬಂದದ್ದು. ಚಿಗುರಿನ ಒಂದು ಕೋಶದಲ್ಲಿ ಆದ ಬದಲಾವಣೆ ಆ ರೆಂಬೆಗಷ್ಟೇ ಬಂದಿರುತ್ತದೆ. ಹೆಚ್ಚುಕಮ್ಮಿ ಮಗುವಿನ ಮಚ್ಚೆಯ ಕಥೆಯೇ. ಹೀಗೆ ಬೇರೆಯಾಗಿ ಚಿಗುರೊಡೆದ ರೆಂಬೆಗೆ ನಿಮ್ಮ ಕಡೆ ತೋಟದವರು, ನರ್ಸರಿಯವರು ಏನಂತಾರೆ? ಆ ಮಾತನ್ನೇ ಇಲ್ಲಿಗೂ ತರಬಹುದೇನೋ. ಹೂವಿಗೇ ಆಗಬೇಕಿಲ್ಲ, ಕಿತ್ತಳೆಗೋ ಬಾಳೆಗೋ ಇದ್ದರೂ ಸರಿ. ಯಾವ ಊರಿನ ಮಾತು ಅಂತಲೂ ಬರೆಯಿರಿ.